ಸುಣ್ಣದ ಕೆಳಗಿನ ನೀಲಿ

ಸುಣ್ಣದ ಮೊದಲ ಹಕ್ಕಳೆ ಹೀಬ್ರೂ ವ್ಯಾಕರಣದ ಪುಟದ ಮೇಲೆ ಬಿತ್ತು. ರೈನ್‌ಹೋಲ್ಟ್ ಕ್ಲೆಟ್ ಅದನ್ನು ಉಫ್ ಎಂದು ಊದಿ, ಓದುತ್ತಲೇ ಮುಂದೆ ನಡೆದ. ಎರಡನೆಯದು ನೇರ ಅವನ ಕಾಫಿ ಬಟ್ಟಲಿಗೇ ಬಿತ್ತು.

ಅವನು ತಲೆಯೆತ್ತಿದ. ಮೊಗಸಾಲೆಯ ಗೋಡೆಗೆ ತಾಗಿ ಕಟ್ಟಿದ ಸಾರವೆ, ಅದರ ಸುತ್ತ ಗೋಣಿಯ ಪರದೆ. ಪರದೆಯ ಕೆಳಗೆ ಎರಡು ಬೂಟುಗಳು ಜೋತಾಡುತ್ತಿದ್ದವು. ಒಂದರ ಲೇಸು ಬಿಚ್ಚಿಹೋಗಿತ್ತು.

"ಇಳಿಯೋ ಕೆಳಗೆ, ಕತ್ತೆ! ಪಾಠ ತಪ್ಪಿಸ್ಕೊಂಡು ಅಲ್ಲೇನೋ ಮಾಡ್ತಿದ್ದೀಯ?"

ಬೂಟುಗಳ ಆಟ ನಿಂತಿತು. ಪರದೆ ಸರಿದು ಒಂದು ಮುಖ ಹೊರಬಂತು. ತಲೆಗೆ ಗಂಡಸರ ಟೋಪಿ, ರೆಪ್ಪೆಗಳ ಮೇಲೆಲ್ಲ ಸುಣ್ಣದ ಪುಡಿ, ಬಾಯಲ್ಲಿ ಸಣ್ಣದೊಂದು ಕುಂಚ. ಹುಡುಗಿ ಕುಂಚವನ್ನು ಬಾಯಿಂದ ತೆಗೆದು, ಅವನನ್ನು ಮೇಲಿಂದ ಕೆಳಗಿನವರೆಗೂ ಸಾವಕಾಶವಾಗಿ ನೋಡಿದಳು.

"ಕತ್ತೆ ಅಂದಿದ್ದನ್ನ ಬೇಕಾದ್ರೆ ಒಪ್ಕೋತೀನಿ. ಆದ್ರೆ ಆ 'ಇಳಿಯೋ' ಇದೆಯಲ್ಲ, ಅದು ಸ್ವಲ್ಪ ಕಷ್ಟ."

ರೈನ್‌ಹೋಲ್ಟ್‌ನ ಕಿವಿ ಕೆಂಪಾಯಿತು. "ಕ್ಷಮಿಸಿ ಫ್ರೌಲೈನ್, ನಮ್ಮ ಹುಡುಗರಲ್ಲಿ ಯಾರೋ ಅಂದ್ಕೊಂಡೆ..."

"ಆ ಬಟ್ಟಲು ಇಲ್ಲಿ ಕೊಡಿ."

"ಕಾಫೀನಾ?"

"ಅದರೊಳಗೆ ಬಿದ್ದಿದ್ದನ್ನ. ಬೇಗ! ನೆಂದು ಕರಗಿಬಿಡುತ್ತೆ."

ಅವನು ಬಟ್ಟಲನ್ನು ಎತ್ತಿ ಹಿಡಿದ. ಅವಳು ಕಿರುಬೆರಳಿನಿಂದ ಹಕ್ಕಳೆಯನ್ನು ಮೆಲ್ಲಗೆ ಎತ್ತಿ, ಅಂಗೈಮೇಲೆ ಮಗುಚಿ, ಅವನಿಗೆ ಕಾಣುವಂತೆ ಬಗ್ಗಿ ತೋರಿಸಿದಳು. ಉಗುರಿನಷ್ಟು ಸುಣ್ಣ, ಅದರ ಹಿಂಬದಿಯಲ್ಲಿ ಕಾಳಿನಷ್ಟು ನೀಲಿ.

"ನೋಡಿದ್ರಾ?" ಎಂದವಳ ದನಿ ಈಗ ಪಿಸುಮಾತಾಗಿತ್ತು. ಆಮೇಲೆ ಬಟ್ಟಲನ್ನು ಅವನಿಗೆ ಹಿಂತಿರುಗಿಸುವ ಬದಲು ಕಾಫಿಯನ್ನು ತಾನೇ ಗಟಗಟ ಕುಡಿದು, ಬರಿದಾದ ಬಟ್ಟಲನ್ನು ಅವನ ಕೈಗಿಟ್ಟಳು. "ತಣ್ಣಗಾಗಿದೆ. ನಾಳೆ ಸ್ವಲ್ಪ ಬಿಸಿ ಇರಲಿ."

ನಮ್ಮ ಹಿರ್ಷ್‌ಬ್ರುನ್‌ನ ಮಠದಿಂದ ಸನ್ಯಾಸಿಗಳು ಹೋಗಿ ನಾನೂರು ವರ್ಷವಾಗಿದೆ. ಅವರನ್ನು ಓಡಿಸಿದ ದೊರೆ, ಮಠ ಖಾಲಿ ಬೀಳಬಾರದೆಂದು ಅಲ್ಲೇ ಪ್ರಾಟೆಸ್ಟೆಂಟ್ ಹುಡುಗರಿಗೆ ಸೆಮಿನರಿ ತೆರೆದ. ಅಂದಿನಿಂದ ನಮ್ಮ ಶ್ವಾಬಿಯಾ ಸೀಮೆಯ ಪಾದ್ರಿಗಳಲ್ಲಿ ಎಷ್ಟೋ ಮಂದಿ ಇಲ್ಲಿಯೇ ಗ್ರೀಕ್ ಉರುಹೊಡೆದು, ಇಲ್ಲಿಯೇ ಚಳಿಗೆ ನಡುಗಿ, ಇಲ್ಲಿಯೇ ಹಾಡು ಕಲಿತವರು. ಆ ಚಳಿಗಾಲ ವಿದ್ಯುತ್ ತಂತಿ ಎಳೆಯಲು ಗೋಡೆ ಕೊರೆದಾಗ, ಸುಣ್ಣದ ಪದರಗಳ ಕೆಳಗೆ ಬಣ್ಣ ಕಂಡಿತು. ಸನ್ಯಾಸಿಗಳ ಕಾಲದ ಚಿತ್ರ. ಅದನ್ನು ಬಿಡಿಸಿ ತೆಗೆಯಲು ಪ್ರಾಚೀನ ಸ್ಮಾರಕಗಳ ಇಲಾಖೆ ಕಳಿಸಿದವಳು ವಾಲ್‌ಬುರ್ಗಾ ಲೋಹರ್. ಬೋಡೆನ್ ಸರೋವರದ ಕಡೆಯ ಹುಡುಗಿ. ಅಪ್ಪಟ ಕ್ಯಾಥೊಲಿಕ್ ಸೀಮೆ.

ರೈನ್‌ಹೋಲ್ಟ್‌ನದು ಬೇರೆಯೇ ಮಣ್ಣು. ಅವನ ತಾತ ಪಾದ್ರಿ, ಅಪ್ಪ ಪಾದ್ರಿ. ತಾನೂ ಇದೇ ಸೆಮಿನರಿಯಲ್ಲಿ ಓದಿ, ಈಗ ಹುಡುಗರ ಜೊತೆ ಇಲ್ಲೇ ವಾಸಿಸುತ್ತ ಹೀಬ್ರೂ ಹೇಳಿಕೊಡುವ ಕಿರಿಯ ಮೇಷ್ಟ್ರು. ಶರತ್ಕಾಲ ಬಂದರೆ ಅವನಿಗೆ ಪಾದ್ರಿಯಾಗಿ ಒಂದು ಊರು ಸಿಗುವುದಿತ್ತು. ಯಾವುದೋ ಊರಲ್ಲ, ಬೆಟ್ಟದ ಮೇಲೆ ಅವನ ಅಪ್ಪ ಬೋಧಿಸಿದ, ಅಪ್ಪನನ್ನು ಮಣ್ಣು ಮಾಡಿದ ಊರೇ. ಅಪ್ಪ ತೀರಿಕೊಂಡಾಗ ಪಾದ್ರಿಮನೆ ಬಿಟ್ಟುಕೊಟ್ಟು ಎರಡು ಬಾಡಿಗೆ ಕೋಣೆಗೆ ಬಂದಿದ್ದ ತಾಯಿ, ಮಗನ ಜೊತೆ ಅದೇ ಮನೆಗೆ ಮರಳುವ ದಿನಕ್ಕಾಗಿ ಕಿಟಕಿ ಪರದೆಗೆ ಬಟ್ಟೆ ಕೂಡ ತೆಗೆದಿಟ್ಟಿದ್ದಳು.

ಮರುದಿನ ಕಾಫಿ ಬಿಸಿಯಾಗಿತ್ತು.

* * *

ಶುಕ್ರವಾರದ ಮಧ್ಯಾಹ್ನ ಅಡುಗೆಮನೆಯಲ್ಲಿ ಗಲಾಟೆ. ಸೆಮಿನರಿಯ ಅಡುಗೆಯ ಬಾಬೆಟ್ಟೆ ಸೊಂಟದ ಮೇಲೆ ಕೈಯಿಟ್ಟು ನಿಂತಿದ್ದಳು. ಬುರ್ಗಿ, ಆಗಲೇ ಎಲ್ಲರೂ ವಾಲ್‌ಬುರ್ಗಾಳನ್ನು ಹಾಗೆ ಕರೆಯುತ್ತಿದ್ದರು, ತಟ್ಟೆಯ ಮುಂದೆ ಕೈಕಟ್ಟಿ ಕೂತಿದ್ದಳು. ತಟ್ಟೆಯಲ್ಲಿ ಸಾರಿನೊಳಗೆ ಮೂರು ದಪ್ಪ ಮೌಲ್‌ಟಾಶೆ: ಹಿಟ್ಟಿನ ಹಾಳೆಯೊಳಗೆ ಪಾಲಕ್, ಈರುಳ್ಳಿ, ಕೊಚ್ಚಿದ ಮಾಂಸ ತುಂಬಿ ಬೇಯಿಸಿದ್ದು.

"ಶುಕ್ರವಾರ ಮಾಂಸ ತಿನ್ನಲ್ವಂತೆ ಇವಳು!" ಎಂದು ಬಾಬೆಟ್ಟೆ ಒಳಬಂದ ರೈನ್‌ಹೋಲ್ಟ್‌ಗೆ ದೂರಿದಳು. "ಮೇಷ್ಟ್ರೇ, ನೀವೇ ಹೇಳಿ. ಇದನ್ನ ಕಂಡುಹಿಡಿದಿದ್ದೇ ಸನ್ಯಾಸಿಗಳು. ಉಪವಾಸದ ದಿನ ಮಾಂಸ ದೇವರಿಗೆ ಕಾಣಬಾರದು ಅಂತ ಹಿಟ್ಟಿನೊಳಗೆ ಮುಚ್ಚಿಟ್ರು. ನಿಮ್ಮವರೇ ಮಾಡಿದ ಮೋಸ, ತಿನ್ನೋಕೇನಮ್ಮ ನಿಂಗೆ?"

"ದೇವರಿಗೆ ಕಾಣಲಿಲ್ವಾ?" ಎಂದಳು ಬುರ್ಗಿ.

"ಎಲ್ಲಿ ಕಂಡೀತು, ಸುತ್ತ ಅಷ್ಟು ದಪ್ಪ ಹಿಟ್ಟು!"

"ಕಂಡಿತ್ತು ಅನ್ಸುತ್ತೆ," ಎಂದ ರೈನ್‌ಹೋಲ್ಟ್ ಗಂಭೀರವಾಗಿ. "ಅದಕ್ಕೇ ಅವರನ್ನ ಓಡಿಸಿ ನಮ್ಮನ್ನ ತಂದು ಕೂರಿಸ್ದ."

ಬುರ್ಗಿ ಅವನ ಕಡೆ ತಿರುಗಿದಳು. ನಗು ತಡೆಯಲು ಕೆಳತುಟಿಯನ್ನು ಹಲ್ಲಿನಲ್ಲಿ ಹಿಡಿದಿದ್ದಳು. ಆದರೆ ಕಣ್ಣುಗಳು ಮಾತು ಕೇಳಲಿಲ್ಲ. ಮೊದಲು ಎಡಗಣ್ಣಿನ ಮೂಲೆ ಸುಕ್ಕಾಯಿತು, ಆಮೇಲೆ ಬಲಗಣ್ಣು, ಕೊನೆಗೆ ಇಡೀ ಮುಖ.

"ನಿಮ್ಮನ್ನ ಕೂರಿಸಿ ಏನು ಸುಖ ಪಟ್ಟ?" ಎಂದಳು. "ನಾನೂರು ವರ್ಷದಿಂದ ಗೋಡೆಗೆ ಸುಣ್ಣ ಬಳೀತಿದ್ದೀರ, ಅಷ್ಟೇ."

ಅವಳು ಹಿಟ್ಟನ್ನು ಮಾತ್ರ ತಿಂದು, ಒಳಗಿನದನ್ನು ಫೋರ್ಕಿನಿಂದ ಒಂದೊಂದಾಗಿ ಅವನ ತಟ್ಟೆಗೆ ದಾಟಿಸಿದಳು. ಬಾಬೆಟ್ಟೆ ಒಬ್ಬರ ಮುಖ ನೋಡಿದಳು, ಇನ್ನೊಬ್ಬರ ಮುಖ ನೋಡಿದಳು, ಮತ್ತೆ ಒಲೆಯ ಕಡೆ ತಿರುಗಿ, "ಅಯ್ಯೋ ದೇವರೇ," ಎಂದಳು. ಅದರಲ್ಲಿ ಬೈಗುಳವಿತ್ತೋ ಕರುಣೆಯಿತ್ತೋ ಹೇಳುವುದು ಕಷ್ಟ.

* * *

ಜೂನ್ ಹೊತ್ತಿಗೆ ನೀಲಿ ಹರಡಿ ದೊಡ್ಡದೊಂದು ಮೇಲಂಗಿಯಾಯಿತು. ಮೇಲಂಗಿಯ ಕೆಳಗೆ, ಕೋಳಿಮರಿಗಳ ಹಾಗೆ ಒತ್ತಿಕೊಂಡು, ಬೋಳುತಲೆಯ ಸನ್ಯಾಸಿಗಳು ಕಂಡರು. ಒಬ್ಬ ಕೈಮುಗಿದಿದ್ದ, ಒಬ್ಬ ಆಕಳಿಸುತ್ತಿದ್ದ, ಒಬ್ಬ ಪಕ್ಕದವನ ಕಾಲು ತುಳಿಯುತ್ತಿದ್ದ. ಮೇಲಂಗಿ ಯಾರದು ಎಂಬುದು ಮುಖ ಬಿಡಿಸುವ ಮೊದಲೇ ಎಲ್ಲರಿಗೂ ಗೊತ್ತಾಗಿತ್ತು. ಆದರೂ ಯಾರೂ ಬಾಯಿಬಿಟ್ಟು ಹೇಳಲಿಲ್ಲ.

ಮುಖ ಬಿಡಿಸುವ ದಿನ ಬುರ್ಗಿ ರೈನ್‌ಹೋಲ್ಟ್‌ನನ್ನು ಸಾರವೆಯ ಮೇಲೆ ಕರೆದಳು. "ದೀಪ ಹಿಡಿಯೋಕೆ ಒಬ್ಬರು ಬೇಕು," ಎಂದಳು. ಬೆಳಗಿನ ಬಿಸಿಲು ಕಿಟಕಿ ತುಂಬ ಬರುತ್ತಿತ್ತು. ದೀಪ ಹಚ್ಚುವ ಅಗತ್ಯವೇ ಇರಲಿಲ್ಲ. ಅವನು ದೀಪ ಹಿಡಿದುಕೊಂಡೇ ಕೂತ.

ಅವಳ ಕೈಯಲ್ಲಿ ಸಣ್ಣ ಚಾಕು. ಉಸಿರು ಬಿಗಿಹಿಡಿದು, ಅಂಚಿನಿಂದ ಸುಣ್ಣವನ್ನು ಒಂದಿಷ್ಟೇ ಎತ್ತಿ, ಮತ್ತೆ ಉಸಿರು ಬಿಡುತ್ತಿದ್ದಳು. ಅವಳು ಉಸಿರು ಬಿಗಿಹಿಡಿದಾಗೆಲ್ಲ ಅವನೂ ಬಿಗಿಹಿಡಿಯುತ್ತಿದ್ದ. ಮೊದಲು ಗಲ್ಲ ಬಂತು. ಆಮೇಲೆ ಬಾಯಿ. ಅದು ಇಗರ್ಜಿಯ ಮೂರ್ತಿಗಳ ಮಾಸದ ನಗೆಯಲ್ಲ; ಮಕ್ಕಳನ್ನೆಲ್ಲ ಮಲಗಿಸಿ ದಣಿದ ತಾಯಿಯ ಬಾಯಿ.

"ಮೇರಿ," ಎಂದಳು ಬುರ್ಗಿ ಮೆಲ್ಲಗೆ. ಚಾಕುವನ್ನು ಹಲಗೆಯ ಮೇಲಿಟ್ಟು, ಶಿಲುಬೆಯ ಗುರುತು ಹಾಕಿಕೊಂಡಳು. ತಟ್ಟನೆ ಅವನ ನೆನಪಾಗಿ, ಕದ್ದು ಸಿಕ್ಕಿಬಿದ್ದವಳ ಹಾಗೆ ನೋಡಿದಳು.

"ನಿಮಗೆ ನಗು ಬರುತ್ತೇನೋ."

"ಇಲ್ಲ," ಎಂದ ಅವನು. "ಹೊಟ್ಟೆಕಿಚ್ಚು ಬರ್ತಿದೆ. ನಾನು ಹದಿನಾಲ್ಕನೇ ವಯಸ್ಸಿಂದ ಈ ಗೋಡೆ ಆಚೆ ಕೋಣೆಯಲ್ಲೇ ಮಲಗ್ತಿದ್ದೆ. ಮನೆ ನೆನಪಾಗಿ ಅಳು ಬಂದಾಗ ಈ ಗೋಡೆಗೇ ಮುಖ ಒತ್ತಿಕೊಂಡು ಅತ್ತಿದೀನಿ. ಇವಳು ಇಲ್ಲೇ ಇದ್ದಳು ಅಂತ ನನಗೆ ಯಾರೂ ಹೇಳಲಿಲ್ಲ."

ಅವಳು ಅವನ ಕೋಟಿನ ತೋಳಿಗೆ ಅಂಟಿದ್ದ ಸುಣ್ಣವನ್ನು ಕುಂಚದಿಂದ ಮೆಲ್ಲಗೆ ಸವರಿ ತೆಗೆದಳು. ಸುಣ್ಣ ಹೋದಮೇಲೂ ಕುಂಚ ಅಲ್ಲೇ ಆಡುತ್ತಿತ್ತು.

ಮೇರಿ ಬಂದಳೆಂಬ ಸುದ್ದಿ ಮಧ್ಯಾಹ್ನದೊಳಗೆ ಊರೆಲ್ಲ ಹರಡಿತು. ಪ್ರಾಟೆಸ್ಟೆಂಟರು ಮೇರಿಯನ್ನು ಪೂಜಿಸುವವರಲ್ಲ; ಪಾದ್ರಿಗಳಾಗಲಿರುವ ಹುಡುಗರು ದಿನಾ ಅವಳ ಸೆರಗಿನ ಕೆಳಗೆ ಓಡಾಡುವುದೇ? ಕೆಲವರು ಮತ್ತೆ ಸುಣ್ಣ ಬಳಿಯಿರಿ ಎಂದರು. ಸೆಮಿನರಿಯ ಮುಖ್ಯ ಗುರು ಡಾಕ್ಟರ್ ವೈಸ್‌ಮನ್ ಕನ್ನಡಕ ಏರಿಸಿ ಬಹಳ ಹೊತ್ತು ಗೋಡೆ ನೋಡಿದರು. "ಹುಡುಗರಿಗೆ ಗ್ರೀಕರ ದೇವತೆಗಳನ್ನ ಬತ್ತಲೆ ನಿಲ್ಲಿಸಿ ಪಾಠ ಮಾಡ್ತೀವಿ," ಎಂದರು. "ಮೈತುಂಬ ಬಟ್ಟೆ ಹಾಕ್ಕೊಂಡಿರೋ ಈ ತಾಯಿಯಿಂದ ಯಾರೂ ಕೆಡಲ್ಲ. ಇರಲಿ." ಅಲ್ಲಿಗೆ ಆ ಮಾತು ಮುಗಿಯಿತು.

* * *

ಮಠದ ಹಿಂದೆ ಒಂದು ಬುಗ್ಗೆಯಿದೆ. ಆಳ ಎಷ್ಟೆಂದು ಯಾರಿಗೂ ತಿಳಿಯದು. ಭಾನುವಾರ ಬೆಳಿಗ್ಗೆ ಬುರ್ಗಿ ಬಸ್ಸು ಹಿಡಿದು ಪೂಜೆಗೆ ಪಕ್ಕದ ಪಟ್ಟಣಕ್ಕೆ ಹೋಗುವಳು. ರೈನ್‌ಹೋಲ್ಟ್ ಇಲ್ಲಿಯ ಆರಾಧನೆ ಮುಗಿಸುವನು. ಮಧ್ಯಾಹ್ನ ಇಬ್ಬರೂ ಬುಗ್ಗೆಯ ಕಟ್ಟೆಯ ಮೇಲೆ ಅಕಸ್ಮಾತ್ತಾಗಿ ಸಿಗುವರು. ಪ್ರತಿ ಭಾನುವಾರವೂ ಅಕಸ್ಮಾತ್ತಾಗಿ.

"ಇವತ್ತು ನಿಮ್ಮ ಬೋಧನೆ ಯಾವುದರ ಮೇಲೆ?"

"ನೆರೆಯವರನ್ನ ಪ್ರೀತಿಸೋದರ ಮೇಲೆ."

"ಎಷ್ಟು ಹೊತ್ತು ಮಾತಾಡಿದ್ರಿ?"

"ಮುಕ್ಕಾಲು ಗಂಟೆ."

"ಅಷ್ಟು ಹೊತ್ತು ಬೇಕಾ ಅದಕ್ಕೆ?" ಅವಳು ನೀರಿಗೆ ಹುಲ್ಲಿನ ಕಡ್ಡಿಯೊಂದನ್ನು ಬಿಟ್ಟಳು. "ನಮ್ಮ ಫಾದರ್ ಆದ್ರೆ ಐದು ನಿಮಿಷದಲ್ಲಿ ಮುಗಿಸ್ತಾರೆ."

"ನೀವಾದ್ರೆ?"

ಅವಳು ಅವನ ಕಡೆ ನೋಡಲಿಲ್ಲ. ಕಡ್ಡಿ ನೀರಿನ ಮೇಲೆ ಸುತ್ತುವುದನ್ನೇ ನೋಡುತ್ತ, "ಮೊದಲು ಈ 'ನೀವು' ಬಿಡ್ತೀನಿ," ಎಂದಳು.

ನಮ್ಮಲ್ಲಿ ನೀವು ಎಂಬುದರಿಂದ ನೀನು ಎಂಬುದಕ್ಕೆ ದಾಟುವುದು ಸಣ್ಣ ಮಾತಲ್ಲ. ಒಬ್ಬರು ಕೇಳಬೇಕು, ಇನ್ನೊಬ್ಬರು ಒಪ್ಪಬೇಕು. ದಾಟಿದ ಮೇಲೆ ಹಿಂದಕ್ಕೆ ಬರುವ ದಾರಿಯಿಲ್ಲ. ರೈನ್‌ಹೋಲ್ಟ್ ಬಾಯಿ ತೆರೆದ, ಮುಚ್ಚಿದ. ಹೀಬ್ರೂವಿನ ಕ್ರಿಯಾಪದಗಳನ್ನು ನಿದ್ದೆಯಲ್ಲೂ ಹೇಳಬಲ್ಲವನಿಗೆ ಒಂದು ಶಬ್ದ ಹೊರಡಲಿಲ್ಲ.

"ನೀನು," ಎಂದ ಕೊನೆಗೆ.

"ನಾನೇನು?"

"ಅಷ್ಟೇ. ಹೇಳಿ ನೋಡಿದೆ. ನೀನು."

ಅವಳು ನಕ್ಕಳು. ನಗುತ್ತಿದ್ದ ಬಾಯಿಗೇ ಅವನು ಮುತ್ತಿಟ್ಟ. ಅವಳ ತುಟಿಯ ಮೇಲೆ, ಭಾನುವಾರವಾದರೂ, ಸುಣ್ಣದ ರುಚಿಯಿತ್ತು.

ಬಹಳ ಹೊತ್ತಿನ ಮೇಲೆ ಅವಳು ಅವನ ಎದೆಗೊರಗಿಕೊಂಡೇ ಕೇಳಿದಳು: "ಇನ್ನು ಮುಂದೆ?"

ಇಬ್ಬರಿಗೂ ಗೊತ್ತಿತ್ತು. ಅವನ ಸಭೆಯ ಕಟ್ಟಳೆಯಂತೆ ಪಾದ್ರಿಯ ಹೆಂಡತಿ ಪ್ರಾಟೆಸ್ಟೆಂಟ್ ಆಗಿರಲೇಬೇಕು. ಅವಳ ಇಗರ್ಜಿಯ ಕಟ್ಟಳೆಯಂತೆ, ಹುಟ್ಟುವ ಮಕ್ಕಳೆಲ್ಲ ಕ್ಯಾಥೊಲಿಕ್ ಎಂದು ಗಂಡ ಬರೆದುಕೊಡದಿದ್ದರೆ ಮದುವೆಯೇ ಇಲ್ಲ. ಇಗರ್ಜಿಯ ಹೊರಗೆ ಮದುವೆಯಾದರೆ ಅವಳಿಗೆ ಪೂಜೆಯ ಪವಿತ್ರ ರೊಟ್ಟಿಯಾದ ಪರಮಪ್ರಸಾದವಿಲ್ಲ. ಇಬ್ಬರೂ ಆ ಮಾತನ್ನು ಅಂದು ಎತ್ತಲಿಲ್ಲ. ಬಸ್ಸಿನ ಹಾರ್ನ್ ಕೇಳಿಸಿತು, ಬಾತುಕೋಳಿಗಳು ಕೂಗಿದವು, ಎದ್ದರು.

* * *

"ಒಳ್ಳೆ ಹುಡುಗಿ," ಎಂದರು ಡಾಕ್ಟರ್ ವೈಸ್‌ಮನ್. ರೈನ್‌ಹೋಲ್ಟ್ ಅವರ ಕೋಣೆಯಲ್ಲಿ ನಿಂತು ಎಲ್ಲವನ್ನೂ ಹೇಳಿ ಮುಗಿಸಿದ್ದ. "ಬುದ್ಧಿವಂತೆ. ನನಗೂ ಇಷ್ಟ. ಆದ್ರೆ ರೈನ್‌ಹೋಲ್ಟ್, ಕಟ್ಟಳೆ ನಾನು ಮಾಡಿದ್ದಲ್ಲ, ನಾನು ಮುರಿಯೋಕೂ ಆಗಲ್ಲ. ಅವಳು ನಮ್ಮ ಸಭೆಗೆ ಬರಲಿ. ನಾನೇ ನಿಂತು ಪಾಠ ಹೇಳ್ಕೊಡ್ತೀನಿ, ನಾನೇ ನಿಮ್ಮ ಮದುವೆ ಮಾಡಿಸ್ತೀನಿ."

"ಬರದಿದ್ರೆ?"

"ಆಗ ನಿನಗೆ ಆ ಊರು ಸಿಗಲ್ಲ. ಯಾವ ಊರೂ ಸಿಗಲ್ಲ."

ಅವನು ಮೆಟ್ಟಿಲು ಏರಿ ನೇರ ಸಾರವೆಯ ಬಳಿಗೆ ಹೋದ. ಒಂದು ದಾರಿ ಸಿಕ್ಕಿತೆಂಬ ಆತುರದಲ್ಲಿ ಅವನಿಗೆ ತನ್ನ ಮಾತು ಹೇಗೆ ಕೇಳಿಸಬಹುದೆಂದು ಹೊಳೆಯಲೇ ಇಲ್ಲ.

"ಬುರ್ಗಿ, ಡಾಕ್ಟರ್ ಒಪ್ಪಿದ್ದಾರೆ! ನೀನು ನಮ್ಮ ಸಭೆಗೆ ಸೇರಿಬಿಟ್ರೆ ಎಲ್ಲ ಸುಲಭ. ಕೆಲವು ಪಾಠ, ಆಮೇಲೆ ಒಂದು ರುಜು. ಅಷ್ಟೇ. ದೇವರೇನು ಬೇರೆಯಾ?"

ಕುಂಚ ನಿಂತಿತು. ಅವಳು ಪರದೆ ಸರಿಸಿ ಕೆಳಗೆ ನೋಡಿದಳು. ಮೊದಲ ದಿನದ ಮುಖವೇ. ಆದರೆ ಅದರಲ್ಲಿ ನಗುವಿನ ಗುರುತಿರಲಿಲ್ಲ.

"ನನ್ನನ್ನ ಕೇಳೋ ಮೊದಲು ಅವರನ್ನ ಕೇಳಿದ್ಯಾ?"

"ದಾರಿ ಇದೆಯಾ ಅಂತ ನೋಡೋಕೆ..."

"ದೇವರು ಬೇರೆ ಅಲ್ಲ ಅಂದ್ಯಲ್ಲ. ಹಾಗಿದ್ರೆ ನೀನೇ ಹಾಕು ರುಜು, ನಮ್ಮ ಕಡೆ."

ಹಾಗೆ ಅವನು ಯೋಚಿಸಿಯೇ ಇರಲಿಲ್ಲ ಎಂಬುದು ಅವನ ಮುಖದಲ್ಲೇ ಕಂಡಿತು.

"ಅಮ್ಮ ಸಾಯೋವಾಗ ನನ್ನ ಕೈಗೆ ಜಪಮಾಲೆ ಸುತ್ತಿ ಹೋದಳು," ಎಂದಳು ಬುರ್ಗಿ. ದನಿ ಏರಲಿಲ್ಲ. "ಅಪ್ಪ ದಿನಾ ಇಗರ್ಜಿಯ ದೀಪಕ್ಕೆ ಎಣ್ಣೆ ಹಾಕ್ತಾನೆ. ಅದನ್ನೆಲ್ಲ ಬರೀ ಒಂದು ರುಜು ಅಂತೀಯ. ನಾನು ಸುಣ್ಣ ತೆಗೆಯೋಳು ರೈನ್‌ಹೋಲ್ಟ್. ನನ್ನ ಮೇಲೇ ಬಳಿಯೋಕೆ ಬರಬೇಡ."

ಪರದೆ ಮುಚ್ಚಿತು.

ಆಮೇಲೆ ಅವಳು ಒಬ್ಬಳೇ ಊಟ ಮಾಡಿದಳು. ಅವನು ತಂದಿಟ್ಟ ಕಾಫಿ ಸಾರವೆಯ ಕಾಲ ಬಳಿಯೇ ಆರಿಹೋಗುತ್ತಿತ್ತು. ಪಾಠದಲ್ಲಿ ಅವನು ಭೂತಕಾಲಕ್ಕೆ ಭವಿಷ್ಯತ್ಕಾಲ ಹೇಳಿಕೊಟ್ಟಾಗ ಹುಡುಗರೇ ತಿದ್ದಬೇಕಾಯಿತು. ರಜೆ ಬಂತು, ಹುಡುಗರು ಊರಿಗೆ ಹೋದರು. ಉದ್ದನೆಯ ಮೊಗಸಾಲೆಯಲ್ಲಿ ಅವಳ ಚಾಕುವಿನ ಸಪ್ಪಳ ಒಂದೇ ಉಳಿಯಿತು. ಅವನು ಬಾಗಿಲ ಹಿಂದೆ ಕೂತು ಅದನ್ನು ಕೇಳುವನು. ಒಂದು ದಿನ ಅದೂ ಕೇಳಿಸಲಿಲ್ಲ.

"ಮೇರಿಯ ಹಬ್ಬ ಬಂತಲ್ಲ, ಊರಿಗೆ ಹೋಗ್ತಾಳೆ," ಎಂದಳು ಬಾಬೆಟ್ಟೆ. "ಇವತ್ತು ಪಟ್ಟಣದಲ್ಲಿ ಇಲಾಖೆಯವರನ್ನ ನೋಡ್ಕೊಂಡು, ಸಂಜೆ ಬಸ್ಸಿಗೆ ಮನೆ ಸೇರ್ತಾಳಂತೆ. ಮೇಷ್ಟ್ರೇ, ಹೀಗೆ ನನ್ನ ಅಡುಗೆಮನೆಯಲ್ಲಿ ಕೂತು ನಿಟ್ಟುಸಿರು ಬಿಟ್ರೆ ಹಿಟ್ಟು ಉಬ್ಬಲ್ಲ. ಎದ್ದು ಹೋಗಿ ರೈಲು ಹಿಡೀರಿ."

* * *

ಬುರ್ಗಿಯ ಊರಿನಲ್ಲಿ ಅವಳ ಅಪ್ಪ ಅಲೋಯಿಸ್ ಲೋಹರ್ ಇಗರ್ಜಿಯ ಗೋಡೆಗೊರಗಿದ ಬೆಂಚಿನ ಮೇಲೆ ಕೂತು ಗಿಡಮೂಲಿಕೆಯ ಕಟ್ಟು ಕಟ್ಟುತ್ತಿದ್ದ. ಮರುದಿನ ಹಬ್ಬ, ಪ್ರತಿ ಮನೆಯವರೂ ಪೂಜೆಯಲ್ಲಿ ಒಂದೊಂದು ಕಟ್ಟನ್ನು ಮಂತ್ರಿಸಿಕೊಂಡು ಹೋಗುವುದು ಆ ಕಡೆಯ ರೂಢಿ. ಎದುರು ಬಂದು ನಿಂತ ಕಪ್ಪು ಕೋಟಿನವನನ್ನು ಮುದುಕ ಕಣ್ಣು ಕಿರಿದು ಮಾಡಿ ನೋಡಿದ.

"ಬುರ್ಗಿಯ ಪ್ರಾಟೆಸ್ಟೆಂಟ್ ನೀವೇನಾ?"

"ಅವಳು ನನ್ನ ವಿಷಯ ಹೇಳಿದ್ದಾಳಾ?"

"ಒಂದು ಮಾತೂ ಇಲ್ಲ. ಹೋದ ಸಲ ಬಂದಾಗ ಸೂಪಿಗೆ ಎರಡೆರಡು ಸಲ ಉಪ್ಪು ಹಾಕಿದ್ಲು. ಯಾರೋ ಇದ್ದಾನೆ ಅಂತ ಆಗ್ಲೇ ಗೊತ್ತಾಯ್ತು. ಈಗ ಈ ಕೋಟು ನೋಡಿದ್ಮೇಲೆ, ತಿನ್ನುವಾಗ ಯಾಕೆ ಅತ್ಳು ಅಂತಾನೂ ಗೊತ್ತಾಯ್ತು. ಕೂತ್ಕೊಳ್ಳಿ. ಆ ದಾರ ಹಿಡೀರಿ."

ರೈನ್‌ಹೋಲ್ಟ್ ಕೂತ. ದಾರ ಹಿಡಿದ. ಪುದೀನ, ಕಾಡುಸೇವಂತಿ, ನಡುವೆ ಹಳದಿ ಹೂವಿನ ಉದ್ದನೆಯ ದಂಟು. ಮುದುಕ ಹೇಳಿದಂತೆ ಸುತ್ತಿದ, ಬಿಗಿದ. ಒಂದೆರಡು ಕಟ್ಟಾದ ಮೇಲೆ ನಡೆದದ್ದನ್ನೆಲ್ಲ ಹೇಳಿದ. ತಾನು ರುಜು ಎಂದದ್ದನ್ನೂ ಮುಚ್ಚಿಡಲಿಲ್ಲ.

ಅಲೋಯಿಸ್ ಇನ್ನೊಂದು ಕಟ್ಟಿನ ದಂಟುಗಳನ್ನು ಕತ್ತರಿಯಿಂದ ಸಮ ಮಾಡಿದ.

"ನೀವು ಇನ್ನೊಂದು ಸಲ ಕೇಳಿದ್ರೆ ಅವಳು ಬಿಟ್ಟುಕೊಡ್ತಾಳೆ," ಎಂದ. "ಬೇರೆಯವರಾಗಿದ್ರೆ ಇಲ್ಲ. ನಿಮಗೋಸ್ಕರ ಬಿಡ್ತಾಳೆ. ನಾನು ಸಾಕಿದ ಮಗು, ನನಗೆ ಗೊತ್ತು." ಕತ್ತರಿಯನ್ನು ಕೆಳಗಿಟ್ಟ. "ಅದಕ್ಕೇ ಹೇಳ್ತೀನಿ. ಕೇಳಬೇಡಿ."

ರೈನ್‌ಹೋಲ್ಟ್‌ನ ಕೈಯ ದಾರ ಜಾರಿತು. "ಹಾಗಾದ್ರೆ ನಾನು ವಾಪಸ್ ಹೋಗಲಾ?"

"ಹಾಗಂದ್ನಾ ನಾನು? ಕೇಳಬೇಡಿ ಅಂದೆ. ಹೋಗಿ ಅನ್ನಲಿಲ್ಲ. ನೋಡಿ, ಆ ಗಂಟು ಸಡಿಲ ಆಯ್ತು."

ಸಂಜೆಯ ಬಸ್ಸು ಬಂದಾಗ ಬೆಂಚಿನ ಮೇಲೆ ಕಟ್ಟುಗಳ ರಾಶಿಯಿತ್ತು. ಬುರ್ಗಿ ಕೈಯಲ್ಲಿ ಪೆಟ್ಟಿಗೆ ಹಿಡಿದು ಪಿಯರ್ ಮರಗಳ ಸಾಲು ದಾಟಿ ಬಂದಳು, ಬೆಂಚಿನ ಮೇಲೆ ಕೂತ ಇಬ್ಬರನ್ನು ಕಂಡು ಅಲ್ಲೇ ನಿಂತಳು.

"ನೀನು ಇಲ್ಲೇನು ಮಾಡ್ತಿದ್ದೀಯ?"

"ಗಂಟು ಹಾಕೋದು ಕಲೀತಿದ್ದೀನಿ."

"ಏನೂ ಬರಲ್ಲ ಇವನಿಗೆ," ಎಂದು ಅಲೋಯಿಸ್ ಏಳುತ್ತ ಬೆನ್ನು ನೀವಿಕೊಂಡ. "ಆದ್ರೆ ಬಿಟ್ಟು ಏಳೋದಿಲ್ಲ. ನಾನು ಗಂಟೆ ಹೊಡೀಬೇಕು." ಅವನು ಇಗರ್ಜಿಯೊಳಗೆ ಹೋದ.

ಬುರ್ಗಿ ಬೆಂಚಿನ ಇನ್ನೊಂದು ತುದಿಯಲ್ಲಿ ಕೂತಳು. ಇಬ್ಬರ ನಡುವೆ ಪುದೀನದ ರಾಶಿ.

"ತಪ್ಪು ಮಾತಾಡಿದೆ," ಎಂದ ರೈನ್‌ಹೋಲ್ಟ್. "ನೀನು ಬದಲಾಗೋದು ಬೇಡ. ನಾನು ಆ ಊರು ಬಿಟ್ಟುಬಿಡ್ತೀನಿ. ಶಾಲೆ ಮೇಷ್ಟ್ರಾಗ್ತೀನಿ. ಲ್ಯಾಟಿನ್ ಹೇಳ್ಕೊಟ್ರೆ ಯಾವ ಸಭೆಯೂ ಕೇಳಲ್ಲ."

"ಬೇಡ." ಅವಳು ತಲೆಯಾಡಿಸಿದಳು. "ನನ್ನಿಂದ ನೀನು ಅದನ್ನ ಕಳ್ಕೊಂಡ್ರೆ, ನಾವು ಊಟಕ್ಕೆ ಕೂತಾಗೆಲ್ಲ ಅದೂ ಬಂದು ಪಕ್ಕದಲ್ಲಿ ಕೂರುತ್ತೆ. ಮೂರನೆಯವರ ಹಾಗೆ. ನೀನು ಬಾಯಿಬಿಟ್ಟು ಹೇಳಲ್ಲ, ಆದ್ರೆ ನನಗೆ ಕಾಣ್ತಾ ಇರುತ್ತೆ."

"ಕೂರುತ್ತೆ," ಎಂದ ಅವನು. "ಸುಳ್ಳು ಹೇಳಲ್ಲ. ನನಗೆ ಆ ಊರು ಬೇಕಿತ್ತು ಬುರ್ಗಿ. ಅಪ್ಪ ನಿಂತ ಜಾಗದಲ್ಲಿ ನಿಲ್ಲಬೇಕು ಅಂತ ಚಿಕ್ಕಂದಿನಿಂದ ಆಸೆ. ಇವತ್ತೂ ಇದೆ, ನಾಳೆಯೂ ಇರುತ್ತೆ. ಕೂರಲಿ, ಅದಕ್ಕೂ ಒಂದು ತಟ್ಟೆ ಇಡೋಣ. ಆದ್ರೆ ನೀನು ಕೂರದ ಮೇಜಲ್ಲಿ ನನಗೆ ಊಟ ಇಳಿಯಲ್ಲ. ಈ ಕೆಲವು ವಾರ ನೋಡಿಯಾಯ್ತು."

ಗಂಟೆ ಶುರುವಾಯಿತು. ಅದರ ಸದ್ದು ನಿಲ್ಲುವವರೆಗೂ ಅವಳು ಪುದೀನದ ಎಲೆಯೊಂದನ್ನು ಬೆರಳಲ್ಲಿ ಹೊಸೆಯುತ್ತಿದ್ದಳು.

"ಹಾಗಿದ್ರೆ ನಾನೂ ನಿನ್ನಿಂದ ಮಕ್ಕಳ ವಿಷಯದಲ್ಲಿ ಏನನ್ನೂ ಬರೆಸ್ಕೊಳ್ಳಲ್ಲ," ಎಂದಳು. "ನಿನ್ನ ಕಡೆಯೂ ಬೇಡ, ನನ್ನ ಕಡೆಯೂ ಬೇಡ. ಊರ ಕಚೇರಿಯಲ್ಲಿ ಮದುವೆ ಆಗೋಣ. ಆಮೇಲೆ ನನಗೆ ಪರಮಪ್ರಸಾದ ಕೊಡಲ್ಲ. ಅಪ್ಪನ ಇಗರ್ಜಿಯಲ್ಲೇ ಕೊಡಲ್ಲ."

"ಬುರ್ಗಿ..."

"ನೀನೊಬ್ಬನೇ ಬಿಡೋದಾದ್ರೆ ಅದು ಸಾಲ ಆಗುತ್ತೆ. ಇಬ್ಬರೂ ಬಿಟ್ರೆ ಸಂಸಾರ ಆಗುತ್ತೆ." ಅವಳು ಮೊದಲ ಸಲ ಅವನ ಕಡೆ ತಿರುಗಿದಳು. ಕಣ್ಣುಗಳು ತುಂಬಿದ್ದವು. "ಒಂದೇ ಒಂದು ಕೇಳ್ತೀನಿ. ನಾಳೆ ಹಬ್ಬದ ಪೂಜೆಯಲ್ಲಿ ನಾನು ಪ್ರಸಾದ ತಗೊಳ್ಳುವಾಗ ನೀನು ಹಿಂದಿನ ಬೆಂಚಲ್ಲಿ ಕೂತಿರು. ನನಗೆ ಅದು ಕೊನೇದು. ಒಬ್ಬಳೇ ಇರೋದು ಬೇಡ."

ಮರುದಿನ ಅವನು ಹಿಂದಿನ ಬೆಂಚಿನಲ್ಲಿ ಕೂತ. ಇಗರ್ಜಿ ತುಂಬ ಪುದೀನದ ಪರಿಮಳ. ಅವಳು ಬಿಳಿಯ ಕುಪ್ಪಸ ತೊಟ್ಟು ಪೀಠದ ಮುಂದಿನ ಕಟಾಂಜನದ ಬಳಿ ಮೊಣಕಾಲೂರಿದಳು, ತಲೆಯೆತ್ತಿದಳು, ಸ್ವೀಕರಿಸಿದಳು. ಏಳಲು ಬಹಳ ಹೊತ್ತು ಮಾಡಿದಳು. ಹಿಂದಿರುಗಿ ಬಂದವಳು ತನ್ನ ಜಾಗಕ್ಕೆ ಹೋಗದೆ, ಹೆಂಗಸರ ಸಾಲುಗಳನ್ನೆಲ್ಲ ದಾಟಿ, ಊರವರು ಕಣ್ಣರಳಿಸಿ ನೋಡುತ್ತಿರುವಂತೆಯೇ ಅವನ ಪಕ್ಕದಲ್ಲಿ ಬಂದು ಕೂತಳು.

* * *

ಡಾಕ್ಟರ್ ವೈಸ್‌ಮನ್ ಬೈಯಲಿಲ್ಲ. ಕಿಟಕಿಯ ಬಳಿ ನಿಂತು, "ನಾನೂರು ವರ್ಷದಲ್ಲಿ ಈ ಮನೆಯಿಂದ ಎಷ್ಟೋ ಒಳ್ಳೇವರು ಹೊರಗೆ ಹೋಗಿದ್ದಾರೆ. ಮೊದಲು ಹೋದವರು ಸನ್ಯಾಸಿಗಳೇ," ಎಂದರು. ಉಲ್ಮ್ ನಗರದಲ್ಲಿ ಒಂದು ಶಾಲೆಗೆ ಲ್ಯಾಟಿನ್ ಮೇಷ್ಟ್ರು ಬೇಕೆಂದು ತಾವೇ ಹೇಳಿ, ತಾವೇ ಫೋನ್ ಮಾಡಿದರು.

ತಾಯಿಯ ಬಳಿ ಹೇಳುವುದು ಹೆಚ್ಚು ಕಷ್ಟವಾಯಿತು. ಅವಳು ಅಳಲಿಲ್ಲ, ಕೂಗಲಿಲ್ಲ. ಪಾದ್ರಿಮನೆಯ ಕಿಟಕಿಗೆಂದು ಅಂಚು ಹೊಲಿಯುತ್ತಿದ್ದ ಬಟ್ಟೆಯನ್ನು ನಾಲ್ಕು ಮಡಿಕೆ ಮಾಡಿ ಬೀರುವಿನಲ್ಲಿಟ್ಟಳು.

"ನಿಮ್ಮಪ್ಪ ಇಲ್ಲದ್ದೇ ಒಳ್ಳೇದಾಯ್ತು," ಎಂದಳು. ಆಮೇಲೆ, "ಕಾಫಿ ಕುಡೀತೀಯಾ?" ಎಂದಳು. ಮದುವೆಗೆ ಬರುತ್ತೇನೆಂದಾಗಲಿ ಬರುವುದಿಲ್ಲವೆಂದಾಗಲಿ ಹೇಳಲಿಲ್ಲ.

ಅಕ್ಟೋಬರಿನಲ್ಲಿ ಹಿರ್ಷ್‌ಬ್ರುನ್‌ನ ಊರ ಕಚೇರಿಯಲ್ಲಿ ಮದುವೆಯಾಯಿತು. ಗಂಟೆಯಿಲ್ಲ, ಆರ್ಗನ್ ಇಲ್ಲ. ಗುಮಾಸ್ತರು ಓದಿದರು, ಇಬ್ಬರೂ ಒಪ್ಪಿದರು. ತಾಯಿ ಬಂದಿದ್ದಳು. ಕಪ್ಪು ಉಡುಪು ತೊಟ್ಟು ಬಾಗಿಲ ಬಳಿಯ ಕುರ್ಚಿಯಲ್ಲಿ ನೆಟ್ಟಗೆ ಕೂತಿದ್ದಳು. ಸೊಸೆಯ ಕೈ ಕುಲುಕಿದಳು, ಮಾತಾಡಲಿಲ್ಲ.

ಊಟ ಪಕ್ಕದ ಹೋಟೆಲಿನಲ್ಲಿ. ಉದ್ದನೆಯ ಮೇಜಿನ ಒಂದು ಕಡೆ ಅಲೋಯಿಸ್ ಮತ್ತು ಬುರ್ಗಿಯ ಕಡೆಯ ನೆಂಟರು, ಇನ್ನೊಂದು ಕಡೆ ತಾಯಿ, ಡಾಕ್ಟರ್ ವೈಸ್‌ಮನ್ ದಂಪತಿ, ಬಾಬೆಟ್ಟೆ. ಮದುವೆಯ ಸೂಪಿನ ಬಟ್ಟಲುಗಳು ಬಂದವು. ಯಾರೂ ಚಮಚ ಎತ್ತಲಿಲ್ಲ. ಊಟಕ್ಕೆ ಮೊದಲು ಪ್ರಾರ್ಥನೆಯಾಗಬೇಕು; ಆದರೆ ಯಾರು ಹೇಳುವುದು, ಯಾವ ಕಡೆಯದು? ಮೇಜಿನ ಎರಡೂ ಬದಿಯವರು ಹಬೆಯನ್ನು ನೋಡುತ್ತ ಕೂತರು. ಬುರ್ಗಿಯ ಕೈ ಮೇಜಿನ ಕೆಳಗೆ ರೈನ್‌ಹೋಲ್ಟ್‌ನ ಕೈಯನ್ನು ಹುಡುಕಿ ಹಿಡಿಯಿತು.

ಅಲೋಯಿಸ್ ಎದ್ದು ನಿಂತ. ಗಂಟಲು ಸರಿಮಾಡಿಕೊಂಡು, "ಪರಲೋಕದಲ್ಲಿರುವ ನಮ್ಮ ತಂದೆ," ಎಂದು ಶುರುಮಾಡಿದ.

ಅದು ಎರಡೂ ಕಡೆಯವರಿಗೂ ಬರುತ್ತದೆ. ಎಲ್ಲರೂ ಎದ್ದರು. ಮೊದಲು ಅಲ್ಲೊಂದು ಇಲ್ಲೊಂದು ದನಿ, ಆಮೇಲೆ ಇಡೀ ಮೇಜು. ಅನುದಿನದ ರೊಟ್ಟಿ ಕೊಡು ಎಂದರು, ತಪ್ಪು ಕ್ಷಮಿಸು ಎಂದರು, ಕೇಡಿನಿಂದ ಬಿಡಿಸು ಎಂದರು.

ಕ್ಯಾಥೊಲಿಕರು ಅಲ್ಲಿಗೆ ಮುಗಿಸುತ್ತಾರೆ. ಪ್ರಾಟೆಸ್ಟೆಂಟರು ಮುಂದೆ ಇನ್ನೊಂದು ಸಾಲು ಹೇಳುತ್ತಾರೆ. ಜೀವನವಿಡೀ ಪಾದ್ರಿಮನೆಯಲ್ಲಿ ಕಳೆದ ತಾಯಿಯ ಬಾಯಿ ಆ ಅಭ್ಯಾಸದಲ್ಲೇ ಮುಂದೆ ಹೋಯಿತು: "ರಾಜ್ಯವೂ ಬಲವೂ..." ಅರ್ಧ ಮೇಜು ಮೌನವಾದದ್ದು ಅವಳಿಗೆ ಆಗ ಕೇಳಿಸಿತು. ಅವಳು ತಡವರಿಸಿ ತಲೆಯೆತ್ತಿದಳು.

ಎದುರಿನವರು ಯಾರೂ ಕೂತುಬಿಟ್ಟಿರಲಿಲ್ಲ, ಯಾರೂ ಆಮೆನ್ ಎಂದಿರಲಿಲ್ಲ. ಅಲೋಯಿಸ್ ಲೋಹರ್ ಕೈ ಜೋಡಿಸಿಕೊಂಡು, ತಲೆತಗ್ಗಿಸಿ, ಅವಳು ಮುಗಿಸಲೆಂದು ಕಾಯುತ್ತಿದ್ದ. ಅವನ ಅಕ್ಕಪಕ್ಕ ಅವನ ಕಡೆಯವರೆಲ್ಲ ಕಾಯುತ್ತಿದ್ದರು.

"...ಮಹಿಮೆಯೂ ಎಂದೆಂದಿಗೂ ನಿನ್ನವೇ," ಎಂದು ತಾಯಿ ನಿಧಾನವಾಗಿ ಮುಗಿಸಿದಳು. ದನಿ ಒಡೆದಿತ್ತು.

"ಆಮೆನ್," ಎಂದ ಅಲೋಯಿಸ್. "ಆಮೆನ್," ಎಂದಿತು ಇಡೀ ಮೇಜು, ಒಟ್ಟಿಗೆ.

ಕುರ್ಚಿಗಳು ಸರಿದಾಡಿದವು. ಬುರ್ಗಿ ಮಾತ್ರ ಇನ್ನೂ ನಿಂತೇ ಇದ್ದಳು. ಕಣ್ಣೊರೆಸಿಕೊಳ್ಳಲು ಕರವಸ್ತ್ರ ಹುಡುಕುತ್ತಿದ್ದಳು. ತಾಯಿ ತನ್ನದನ್ನು ತೆಗೆದು ಅವಳ ಕೈಗಿಟ್ಟಳು.

"ಕೂತ್ಕೋಮ್ಮ," ಎಂದಳು. "ಸೂಪ್ ಆರೋಗತ್ತೆ."